"ಮಗ ಬರಲೇ ಇಲ್ಲ" ಅನ್ನೋರಿಗೆ...

ಮೊನ್ನೆ ಭಾನುವಾರ ಬೆಳಿಗ್ಗೆ ಮಾರುತಿ ಮಂದಿರದ ಹತ್ತಿರ ದರ್ಶಿನಿಯಲ್ಲಿ ಕಾಫಿ ಕುಡೀತಾ ನಿಂತಿದ್ದೆ. ಪಕ್ಕದಲ್ಲಿ ನಮ್ಮ ಆರ್‌ಪಿಸಿ ಲೇಔಟಿನವರೇ ಇಬ್ಬರು ಹಿರಿಯರು. ಮಾತು ಮಕ್ಕಳು, ಅಮೆರಿಕ, ವೀಸಾ ಅಂತ ಸುತ್ತಾಡಿ ಕೊನೆಗೆ ನಮ್ಮ ಎದುರುಮನೆಗೆ ಬಂತು. "ಡಲ್ಲಾಸಲ್ಲಿದಾನಲ್ಲ ಅವನು, ಅಪ್ಪ ಸತ್ತಾಗ್ಲೂ ಬರ್ಲೇ ಇಲ್ಲ ನೋಡಿ. ಒಂದು ಮಷೀನು ಕಳಿಸಿ ಕೈ ತೊಳ್ಕೊಂಡ" ಅಂದ್ರು ಒಬ್ರು. ಇನ್ನೊಬ್ರು ತಲೆ ಆಡಿಸಿದ್ರು. ನಾನು ಏನೂ ಹೇಳ್ಲಿಲ್ಲ. ಲೋಟ ಇಟ್ಟು ಮನೆಗೆ ಬಂದೆ. ಬಂದ ಮೇಲೆ ಯಾಕೋ ಸಮಾಧಾನವೇ ಆಗ್ಲಿಲ್ಲ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ.

2021ರ ಎರಡನೇ ಅಲೆಯ ಬಗ್ಗೆ ಮಾತಾಡುವಾಗೆಲ್ಲ ನಮ್ಮಲ್ಲಿ ಎರಡು ಪಾರ್ಟಿ ಆಗಿಬಿಡುತ್ತೆ. ಇಲ್ಲಿದ್ದವರು "ಅವರು ಅಲ್ಲಿ ಎಸಿ ರೂಮಲ್ಲಿ ಕೂತು ಬರೀ ಬುದ್ಧಿ ಹೇಳಿದ್ರು" ಅಂತಾರೆ. ಅಲ್ಲಿದ್ದವರು "ಇಂಡಿಯಾದಲ್ಲಿ ಏನೂ ಸರಿ ಇಲ್ಲ, ಅದಕ್ಕೇ ನಾವು ಬಂದಿದ್ದು" ಅಂತಾರೆ. ನಾನು ಆಗ ಮೊದಲನೇ ಪಾರ್ಟಿಯಲ್ಲಿದ್ದೆ. ಜೋರಾಗೇ ಇದ್ದೆ. ಈಗ ಇಲ್ಲ. ಯಾಕೆ ಅಂತ ಹೇಳೋಕೆ ಒಂದು ವರ್ಷ ಹಿಂದಕ್ಕೆ ಹೋಗ್ಬೇಕು.

ಮಾರ್ಚ್ 2020 ನೆನಪಿದೆಯಾ? ಕರ್ನಾಟಕದ ಮೊದಲ ಕೇಸು ಅಮೆರಿಕದಿಂದ ಬೆಂಗಳೂರಿಗೆ ಬಂದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರದ್ದು, ಮಾರ್ಚ್ 9ರಂದು ಗೊತ್ತಾಯ್ತು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ, ಸೌದಿಯಿಂದ ವಾಪಸ್ಸಾಗಿದ್ದ 76 ವರ್ಷದ ಹಿರಿಯರದ್ದು. ಅಲ್ಲಿಗೆ ಮುಗೀತು, "ಫಾರಿನ್ನಿಂದ ಬಂದೋರೇ ತಂದಿದ್ದು" ಅಂತ ತೀರ್ಮಾನ ಆಗಿಹೋಯ್ತು. ಏರ್‌ಪೋರ್ಟಲ್ಲಿ ಕೈಗೆ ಅಳಿಸಲಾರದ ಶಾಯಿಯ ಮುದ್ರೆ ಒತ್ತಿದ್ರು. ಬಾಗಿಲಿಗೆ ಪೋಸ್ಟರ್ ಅಂಟಿಸಿದ್ರು. ಹೋಮ್ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ಆನ್‌ಲೈನಲ್ಲಿ ಹಾಕಿದ್ರು. ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್‌ಗೆ ಕಳಿಸ್ಬೇಕಿತ್ತು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ರಿಯಾಯಿತಿ. (ಡೇಟಾ ಪ್ರೈವೆಸಿ ಬಗ್ಗೆ ಆಫೀಸಲ್ಲಿ ಟ್ರೈನಿಂಗ್ ತಗೊಂಡು ಬಂದಿದ್ದ ನಾನೇ ಆ ಪಟ್ಟಿ ಡೌನ್‌ಲೋಡ್ ಮಾಡಿ ನಮ್ಮ ಪಿನ್‌ಕೋಡ್ ಹುಡುಕಿದ್ದೆ, ಏನು ಹೇಳ್ಲಿ.)

ನಮ್ಮ ಹಿಂದಿನ ಕ್ರಾಸಿನ ಮೂಲೆಮನೆ ಹುಡುಗಿ ಲಂಡನ್ನಲ್ಲಿ ಎಂಎಸ್ ಮಾಡ್ತಿದ್ಲು. ಕಾಲೇಜು ಮುಚ್ಚಿತು ಅಂತ ಬಂದ್ಲು. ಆ ಮನೆಗೆ ಹಾಲಿನವನು ಹೋಗೋದು ಬಿಟ್ಟ. ನಮ್ಮಮ್ಮ ವಾಕಿಂಗ್ ಹೋಗೋ ದಾರಿಯನ್ನೇ ಬದಲಾಯಿಸಿದ್ರು. ಆ ಹುಡುಗಿಗೆ ಕೊನೆಗೂ ಕೋವಿಡ್ ಬರಲೇ ಇಲ್ಲ, ಅದು ಬೇರೆ ಮಾತು. ಅದೇ ದಿನಗಳಲ್ಲಿ ಕಾಸರಗೋಡಿನ ಗಡಿ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಬರೋ ರೋಗಿಗಳನ್ನೂ ತಡೆದದ್ದು ನಮ್ಮದೇ ರಾಜ್ಯ. ಬಾಗಿಲು ಹಾಕೋದ್ರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ.

ಈಗ ಏಪ್ರಿಲ್ 2021ಕ್ಕೆ ಬನ್ನಿ. ಈ ಸಲ ಬೆಂಕಿ ಬಿದ್ದದ್ದು ನಮ್ಮ ಮನೆಗೆ. ಏಪ್ರಿಲ್ 27ರಿಂದ ಜನತಾ ಕರ್ಫ್ಯೂ. ಏಪ್ರಿಲ್ 30ರಂದು ಬೆಂಗಳೂರಲ್ಲಿ ಒಂದೇ ದಿನ 26 ಸಾವಿರಕ್ಕೂ ಹೆಚ್ಚು ಹೊಸ ಕೇಸು. ಮೇ 5ಕ್ಕೆ ಇಡೀ ರಾಜ್ಯದ ಲೆಕ್ಕ 50 ಸಾವಿರ ದಾಟ್ತು. ನಮ್ಮ ಕಡೆ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು, ಸಾಲದ್ದಕ್ಕೆ ಮಾಗಡಿ ರೋಡಿನಾಚೆ ತಾವರೆಕೆರೆಯಲ್ಲಿ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಚಿತೆ.

ಹೊರದೇಶಗಳು ಒಂದೊಂದಾಗಿ ಬಾಗಿಲು ಹಾಕಿದ್ವು. ಬ್ರಿಟನ್ ಏಪ್ರಿಲ್ 23ರಿಂದ ನಮ್ಮನ್ನ ಕೆಂಪು ಪಟ್ಟಿಗೆ ಸೇರಿಸ್ತು. ಕೆನಡಾ, ಸಿಂಗಪುರ, ಯುಎಇ ಎಲ್ಲ ಅದೇ ವಾರ. ಆಸ್ಟ್ರೇಲಿಯಾ ಅಂತೂ ಮೇ 3ರಿಂದ ತನ್ನ ಸ್ವಂತ ಪ್ರಜೆಗಳು ಇಂಡಿಯಾದಿಂದ ವಾಪಸ್ ಬಂದ್ರೂ 5 ವರ್ಷದವರೆಗೆ ಜೈಲು ಅಂದುಬಿಡ್ತು. ಅಮೆರಿಕದ ಆದೇಶಕ್ಕೆ ಬೈಡನ್ ಸಹಿ ಹಾಕಿದ್ದು ಏಪ್ರಿಲ್ 30ಕ್ಕೆ, ಅಂದ್ರೆ ನಮ್ಮೂರಲ್ಲಿ 26 ಸಾವಿರ ದಾಟಿದ ದಿನವೇ. ಜಾರಿಗೆ ಬಂದದ್ದು ಮೇ 4. ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ತೊಂದರೆ ಇಲ್ಲ. ಎಚ್-1ಬಿ ಮೇಲಿರೋ ನಮ್ಮಂಥ ಇಂಜಿನಿಯರ್‌ಗಳಿಗೆ ಬಾಗಿಲು ಬಂದ್.

ಇನ್ನು ಎದುರುಮನೆ ವಿಷಯ. ಅಂಕಲ್‌ಗೆ 71, ಶುಗರ್ ಇತ್ತು. ಆಂಟಿ. ಒಬ್ಬನೇ ಮಗ, ಡಲ್ಲಾಸ್. ನನಗಿಂತ ಹತ್ತು ವರ್ಷ ದೊಡ್ಡವನು, ಅಣ್ಣ ಅಂತಲೇ ಕರೀತೀನಿ. ಸಿಇಟಿ ಟೈಮಲ್ಲಿ ನನಗೆ ಮ್ಯಾಥ್ಸ್ ಹೇಳಿಕೊಟ್ಟವನು. ಏಪ್ರಿಲ್ 28ಕ್ಕೆ ಇಬ್ಬರಿಗೂ ಪಾಸಿಟಿವ್. ಬೀದಿಯಲ್ಲಿ ಓಡಾಡೋ ವಯಸ್ಸಿನವನು ನಾನೊಬ್ಬನೇ, ವರ್ಕ್ ಫ್ರಮ್ ಹೋಮ್ ಬೇರೆ. ಹಾಗಾಗಿ ಎಲ್ಲ ನನ್ನ ತಲೆಗೆ ಬಂತು.

ಅಣ್ಣನ ಫೋನು ಶುರುವಾಯ್ತು. ಅಲ್ಲಿಗೂ ಇಲ್ಲಿಗೂ ಹತ್ತೂವರೆ ಗಂಟೆ ವ್ಯತ್ಯಾಸ, ಅವನ ಮಧ್ಯಾಹ್ನ ನನ್ನ ನಡುರಾತ್ರಿ. "ಪುಟ್ಟ, ಬೆಡ್ ಯಾಕೆ ಸಿಗ್ತಿಲ್ಲ?" ಸಿಗಬೇಕಾದ್ರೆ ಬಿಯು ನಂಬರ್ ಬೇಕು. ಟೆಸ್ಟ್ ರಿಪೋರ್ಟು ಪೋರ್ಟಲ್‌ಗೆ ಹತ್ತಿದ ಮೇಲೆ ನಮ್ಮ ಜಿಲ್ಲೆಯ ಹೆಸರಲ್ಲಿ ಬರೋ ಒಂದು ನಂಬರು ಅದು. ಅದಿಲ್ಲದೆ ಸರ್ಕಾರಿ ಕೋಟಾದ ಬೆಡ್ ಬ್ಲಾಕ್ ಆಗಲ್ಲ. 1912ಕ್ಕೆ ಎಷ್ಟು ಸಲ ಫೋನ್ ಮಾಡಿದ್ರೂ ಮೊದಲ ಪ್ರಶ್ನೆ ಅದೇ. ನಂಬರ್ ಬರೋಕೆ ನಮಗೆ ಮೂರು ದಿನ ಹಿಡೀತು. ಇದನ್ನ ಅಣ್ಣನಿಗೆ ಎಷ್ಟು ಬಿಡಿಸಿ ಹೇಳಿದ್ರೂ ತಲೆಗೆ ಹೋಗ್ತಿರಲಿಲ್ಲ. "ಐಡಿ ಇಲ್ಲ ಅಂದ್ರೆ ಪೇಶೆಂಟೇ ಇಲ್ಲ ಅಂತಾನಾ?" ಅಂತ ನನ್ನ ಮೇಲೇ ಕೂಗಾಡ್ತಿದ್ದ.

ಜೊತೆಗೆ ಆ ಲಿಸ್ಟುಗಳು. "ವೆರಿಫೈಡ್" ಅಂತ ಬರೆದ ಆಕ್ಸಿಜನ್ ಸಿಲಿಂಡರ್ ನಂಬರುಗಳು, ಪ್ಲಾಸ್ಮಾ ನಂಬರುಗಳು, ದಿನಕ್ಕೆ ನಾಲ್ಕು ಎಕ್ಸೆಲ್ ಶೀಟು ಕಳಿಸ್ತಿದ್ದ. ಅವೇ ನಂಬರು ಡಲ್ಲಾಸಿನಿಂದ, ದುಬೈನಿಂದ, ಮೆಲ್ಬರ್ನ್‌ನಿಂದ ಎಲ್ಲರ ಗ್ರೂಪಲ್ಲೂ ಸುತ್ತುತ್ತಿದ್ವು. ನಾವು ಮಲಗಿದ್ದಾಗ ಅಲ್ಲಿಂದ ಎಷ್ಟು ಜನ ಅದೇ ಸಿಲಿಂಡರ್ ಅಂಗಡಿಯವನಿಗೆ ಫೋನ್ ಹಚ್ಚಿರ್ತಾರೋ, ಬೆಳಿಗ್ಗೆ ನಾನು ಮಾಡೋ ಹೊತ್ತಿಗೆ ಸ್ವಿಚ್ಡ್ ಆಫ್. ಸರ್ವರ್ ಸ್ಲೋ ಆಯ್ತು ಅಂತ ಎಲ್ಲರೂ ರಿಫ್ರೆಶ್ ಒತ್ತಿ ಒತ್ತಿ ಸರ್ವರನ್ನೇ ಮಲಗಿಸ್ತಾರಲ್ಲ, ಹಾಗೆ. ಪ್ರೀತಿಯಿಂದಲೇ ಮಾಡಿದ್ದು, ಅನುಮಾನ ಇಲ್ಲ. ಆದ್ರೆ ನನಗಾಗ ಮೈಯೆಲ್ಲ ಉರೀತಿತ್ತು.

ಮೇ 1ಕ್ಕೆ ಬಿಯು ನಂಬರ್ ಬಂತು, 2ಕ್ಕೆ ಬೆಡ್ ಸಿಕ್ತು. ಅಡ್ವಾನ್ಸ್ ಅಣ್ಣ ಅಲ್ಲಿಂದಲೇ ಕಟ್ಟಿದ, ಹಾಗಾಗಿ ಆಸ್ಪತ್ರೆಯ ದಾಖಲೆಯಲ್ಲಿ ಅವನದ್ದೇ ನಂಬರು. ಅವತ್ತೇ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ದುರಂತ ಶುರುವಾದದ್ದು. 24 ಜನ ಹೋದ್ರು ಅಂತ ಮರುದಿನ ಗೊತ್ತಾಯ್ತು. ಅದನ್ನ ನೋಡಿ ಅಣ್ಣ ಆಕ್ಸಿಜನ್ ಕಾನ್ಸಂಟ್ರೇಟರ್ ಆರ್ಡರ್ ಮಾಡ್ದ. ಆಗ ಸ್ವಂತ ಬಳಕೆಗೆ ಕೊರಿಯರ್‌ನಲ್ಲಿ ತರಿಸಿಕೊಳ್ಳೋಕೆ ಸರ್ಕಾರ ಹೊಸದಾಗಿ ಅವಕಾಶ ಕೊಟ್ಟಿತ್ತು. ಐಜಿಎಸ್‌ಟಿ 28ರಿಂದ 12 ಪರ್ಸೆಂಟ್‌ಗೆ ಇಳಿದಿತ್ತು. (ಸಂಬಂಧಿಕರು ಪ್ರೀತಿಯಿಂದ ಕಳಿಸಿದ ಮಷೀನಿಗೂ ಟ್ಯಾಕ್ಸಾ ಅಂತ ಒಬ್ಬ 85 ವರ್ಷದ ಹಿರಿಯರು ದೆಹಲಿ ಹೈಕೋರ್ಟಿಗೆ ಹೋಗಿ ಮೇ 21ಕ್ಕೆ ಗೆದ್ದರು, ಜೂನ್ 1ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಡ್ತು.)

ಆ ಮಷೀನಿನ ಬಗ್ಗೆ ಒಂದಿಷ್ಟು ಹೇಳ್ಬೇಕು. ಅದು ನಿಮಿಷಕ್ಕೆ 5 ಲೀಟರ್ ಕೊಡೋದು. ಸ್ಯಾಚುರೇಶನ್ ಸ್ವಲ್ಪ ಇಳಿದವರಿಗೆ ಸಾಕು. ಅಂಕಲ್‌ಗೆ ಅಷ್ಟರಲ್ಲಿ ಐಸಿಯುನಲ್ಲಿ ಹೈ ಫ್ಲೋ ಹಾಕಿದ್ರು, ಅದು ನಿಮಿಷಕ್ಕೆ 60 ಲೀಟರ್‌ವರೆಗೂ ಹೋಗುತ್ತೆ. ಎರಡನೇದು, ಅಮೆರಿಕದ ಮಷೀನು 110 ವೋಲ್ಟಿನದು. ನಮ್ಮ 230ಕ್ಕೆ ನೇರ ಸಿಕ್ಕಿಸಿದ್ರೆ ಹೊಗೆ ಬರುತ್ತೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಎಸ್‌ಪಿ ರೋಡ್ ಬಂದ್. ಮೂರನೇದು, ಸುಮಾರು 350 ವ್ಯಾಟ್ ಎಳೆಯುತ್ತೆ, ಕರೆಂಟ್ ಹೋದ್ರೆ ಮನೆ ಯುಪಿಎಸ್ ಎಷ್ಟು ಹೊತ್ತು ತಡೆದೀತು? ಡಲ್ಲಾಸಿನಲ್ಲಿ ಕೂತ ಇಂಜಿನಿಯರ್‌ಗೆ, ಅದೂ ಎಲೆಕ್ಟ್ರಿಕಲ್ ಓದಿದವನಿಗೆ, ಇದ್ಯಾವುದೂ ಹೊಳೆದಿರಲಿಲ್ಲ. ಹೊಳೆಯೋ ಸ್ಥಿತಿಯಲ್ಲಿ ಅವನಿರಲಿಲ್ಲ ಅಂತ ಈಗ ಅನ್ಸುತ್ತೆ.

ಮೇ 7ರ ರಾತ್ರಿ 11 ಗಂಟೆ. ನನಗೆ ಮರುದಿನ ರಿಲೀಸ್ ಇತ್ತು. ಅಣ್ಣ ಫೋನ್ ಮಾಡಿ, "ಬೇರೆ ಆಸ್ಪತ್ರೆಗೆ ಶಿಫ್ಟ್ ಮಾಡ್ಸು, ದುಡ್ಡು ಎಷ್ಟಾದ್ರೂ ಸರಿ" ಅಂದ. ವೆಂಟಿಲೇಟರ್ ಬೆಡ್ ಊರಲ್ಲೇ ಇಲ್ಲ ಅಂತ ಹತ್ತು ಸಲ ಹೇಳಿದ್ದೆ. ಹನ್ನೊಂದನೇ ಸಲ ಹೇಳೋಕಾಗ್ಲಿಲ್ಲ. "ಅಣ್ಣ, ನೀವೇ ಬಂದು ಮಾಡ್ಸಿ" ಅಂದುಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಪುಟ್ಟ, ಮಲ್ಕೋ" ಅಂದ. ನಾನು ಫೋನ್ ಸೈಲೆಂಟ್ ಮಾಡಿ ಮಲಗಿದೆ.

ಅಂಕಲ್ ಹೋದದ್ದು ಬೆಳಗಿನ ಜಾವ 3.40ಕ್ಕೆ. ಆಸ್ಪತ್ರೆಯವರು ಅಣ್ಣನಿಗೆ ಹೇಳಿದ್ರು. ಆಂಟಿ ಮನೆಯಲ್ಲಿ ಒಬ್ಬರೇ, ಅವರಿಗೂ ಜ್ವರ. ಅಮ್ಮನಿಗೆ ವಿಷಯ ತಿಳಿಸೋ ಮುಂಚೆ ಯಾರಾದ್ರೂ ಗೇಟಿನ ಹತ್ತಿರವಾದ್ರೂ ಇರಲಿ ಅಂತ ಅವನು ನನಗೆ ಫೋನ್ ಮಾಡಿದ್ದಾನೆ. 11 ಮಿಸ್ಡ್ ಕಾಲ್. ನಾನು ನೋಡಿದ್ದು ಆರೂವರೆಗೆ. ಅಷ್ಟರಲ್ಲಿ ಅವನೇ ಹೇಳಿಯಾಗಿತ್ತು. ನಾನು ಬಾಗಿಲು ತೆಗೆದಾಗ ಆಂಟಿ ಎದುರಿನ ಮೆಟ್ಟಿಲ ಮೇಲೆ ಕೂತಿದ್ರು, ಮಾಸ್ಕ್ ಹಾಕ್ಕೊಂಡು.

ಸುಮನಹಳ್ಳಿಗೆ ನಾನೂ, ಅಂಕಲ್ ತಮ್ಮನ ಮಗನೂ ಹೋದ್ವಿ. ನಮ್ಮ ಸರದಿ ಬಂದದ್ದು ಮಧ್ಯಾಹ್ನ ಎರಡೂವರೆಗೆ, ಡಲ್ಲಾಸಲ್ಲಿ ಬೆಳಗಿನ ನಾಲ್ಕು. ವಿಡಿಯೋ ಕಾಲ್ ಹಿಡಿದು ನಿಂತಿದ್ದೆ. ಎರಡು ಸಲ ಕಟ್ ಆಯ್ತು. ಒಳಗೆ ಹೋಗೋ ಕ್ಷಣದಲ್ಲಿ ಅವನ ಮುಖ ಫ್ರೀಜ್ ಆಗಿ ನಿಂತಿತ್ತು. ಅವನಿಗೆ ಏನು ಕಾಣಿಸ್ತೋ ಏನು ಕಾಣಿಸ್ಲಿಲ್ವೋ ನಾನು ಇವತ್ತಿನವರೆಗೂ ಕೇಳಿಲ್ಲ.

ಈಗ "ಮಗ ಬರ್ಲಿಲ್ಲ" ಅನ್ನೋದರ ಲೆಕ್ಕ ನೋಡಿ. ಅವನ ಎಚ್-1ಬಿ ಎಕ್ಸ್‌ಟೆನ್ಶನ್ ಆಗಿತ್ತು, ಆದ್ರೆ ಪಾಸ್‌ಪೋರ್ಟಿನ ವೀಸಾ ಸ್ಟಾಂಪು 2020ರಲ್ಲೇ ಮುಗಿದಿತ್ತು. ಅಲ್ಲಿ ಕೆಲಸ ಮಾಡ್ತಾ ಇರೋಕೆ ಸ್ಟಾಂಪು ಬೇಕಿಲ್ಲ, ಹೊರಗೆ ಕಾಲಿಟ್ಟು ಮತ್ತೆ ಒಳಗೆ ಹೋಗೋಕೆ ಬೇಕು. ಸ್ಟಾಂಪಿಗೆ ಚೆನ್ನೈ ಕಾನ್ಸುಲೇಟ್, ಅಲ್ಲಿ ಮಾಮೂಲಿ ವೀಸಾ ಕೆಲಸ ನಿಂತಿತ್ತು. ಬಂದಿದ್ರೆ ವಾಪಸ್ ಹೋಗೋದು ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯ ವೀಸಾನೂ ಇವನ ಕೆಲಸಕ್ಕೇ ಗಂಟು ಹಾಕಿದ್ದು. ಇನ್ನೊಂದು ವಿಚಿತ್ರ ಕೇಳಿ. ಆ ಆದೇಶದಲ್ಲಿ ಅಮೆರಿಕದ ಪ್ರಜೆಯಾಗಿರೋ ಚಿಕ್ಕ ಮಕ್ಕಳ ಅಪ್ಪ ಅಮ್ಮನಿಗೆ ವಿನಾಯಿತಿ ಇತ್ತು. ಅಣ್ಣನ ಮಗಳು ಅಲ್ಲಿ ಹುಟ್ಟಿದ್ರೆ ಅವಳು ಅಮೆರಿಕದ ಪ್ರಜೆ. ಆದ್ರೆ ಅತ್ತಿಗೆ ಬಾಣಂತನಕ್ಕೆ ಇಲ್ಲಿಗೆ ಬಂದಿದ್ರು, ಮಗು ಹುಟ್ಟಿದ್ದು ವಿಜಯನಗರದಲ್ಲಿ. "ನೋಡಿ, ಸಿಟಿಜನ್‌ಶಿಪ್ಪಿಗೆ ಆಸೆ ಪಡದೆ ಊರಿಗೆ ಬಂದು ಹೆತ್ತಳು" ಅಂತ ಆಗ ಇದೇ ಬೀದಿ ಹೊಗಳಿತ್ತು. ಆ ಹಿರಿಯರೂ ಹೊಗಳಿರಬಹುದು!

ಬಂದಿದ್ರೂ ಏನಾಗ್ತಿತ್ತು ಅಂತ ಕೇಳಬಹುದು. ಐಸಿಯು ಒಳಗೆ ಬಿಡ್ತಿರಲಿಲ್ಲ, ನಿಜ. ಆದ್ರೆ ಮೆಟ್ಟಿಲ ಮೇಲೆ ಕೂತ ಅಮ್ಮನ ಪಕ್ಕದಲ್ಲಿ ಇರ್ತಿದ್ದ. ಅದೊಂದನ್ನ ಬಿಟ್ಟು ಬೇರೆಲ್ಲ ಮಾಡೋಕೆ ಅವನಿಗೆ ದಾರಿ ಇತ್ತು. ಅದಕ್ಕೇ ಆ ಎಕ್ಸೆಲ್ ಶೀಟು, ಆ ಕೂಗಾಟ, ಆ 110 ವೋಲ್ಟಿನ ಮಷೀನು. ಆ ಜೂನ್‌ನಲ್ಲಿ, ಚಿತಾಗಾರಗಳಲ್ಲಿ ಯಾರೂ ತಗೊಂಡು ಹೋಗದೆ ಉಳಿದ ಅಸ್ಥಿಗಳನ್ನ ಆಗಿನ ಕಂದಾಯ ಸಚಿವ ಆರ್. ಅಶೋಕ್ ಮಂಡ್ಯ ಜಿಲ್ಲೆಯ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ ಬಿಟ್ಟರು. ಟೀವಿಯಲ್ಲಿ ನೋಡಿ ಜನ "ಎಂಥ ಮಕ್ಕಳು" ಅಂದ್ರು. ಆ ಮಡಕೆಗಳಲ್ಲಿ ಎಷ್ಟರ ಹಿಂದೆ ಇಂಥ ಒಂದೊಂದು ಮುಗಿದ ಸ್ಟಾಂಪು ಇತ್ತೋ.

ಹಾಗಂತ ಹೊರಗಿರೋರಿಗೆ ಪೂರ್ತಿ ಮಾಫಿ ಅಂತ ಅಲ್ಲ. ನರ್ಸಿಗೆ ಫೋನಲ್ಲಿ ಬೈದವರನ್ನ ನಾನು ಕಣ್ಣಾರೆ ಕಂಡಿದೀನಿ. ಅಪ್ಪ ಅಮ್ಮನಿಗೆ ಸ್ಮಾರ್ಟ್ ಟೀವಿ, ಸಿಸಿಟಿವಿ ಎಲ್ಲ ಹಾಕಿಸಿಕೊಟ್ಟವರ ಹತ್ತಿರ ಪಕ್ಕದ ಮನೆಯವರ ನಂಬರ್ ಇರಲಿಲ್ಲ. ಇಸ್ತ್ರಿಯವನ ಹೆಸರು ಗೊತ್ತಿರಲಿಲ್ಲ, ಅಪ್ಪನ ಶುಗರ್ ಮಾತ್ರೆ ಯಾವುದು ಅಂತ ಮೆಡಿಕಲ್ ಶಾಪಿನವನಿಗೆ ಗೊತ್ತಿತ್ತು, ಮಗನಿಗೆ ಗೊತ್ತಿರಲಿಲ್ಲ. ಅಣ್ಣನ ಹತ್ತಿರ ನನ್ನ ನಂಬರ್ ಇದ್ದದ್ದೂ ಸಿಇಟಿ ಪುಣ್ಯದಿಂದ! ಊರು ಬಿಟ್ಟಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಈ ಸಲ ಬಂದಾಗ ಮಾಲ್ ಸುತ್ತೋದನ್ನ ಅರ್ಧ ದಿನ ಕಡಿಮೆ ಮಾಡಿ ಬೀದಿಯಲ್ಲಿ ನಾಲ್ಕು ಮನೆಗೆ ಹೋಗಿಬನ್ನಿ.

ಮಷೀನು ಬಂದದ್ದು ಮೇ 26ಕ್ಕೆ. ಪೆಟ್ಟಿಗೆ ತೆಗೆಯಲಿಲ್ಲ. ಆ ವರ್ಷ ನವೆಂಬರ್ 8ಕ್ಕೆ ಅಮೆರಿಕ ನಿರ್ಬಂಧ ತೆಗೀತು, ಸ್ಟಾಂಪಿನ ಸಾಲು ಕರಗಿ ಅಣ್ಣ ಬಂದದ್ದು ಜೂನ್ 2022ಕ್ಕೆ. ಏರ್‌ಪೋರ್ಟಿಂದ ಮನೆಗೆ ಬಂದು, ಆಂಟಿ ಹತ್ತಿರ ಅರ್ಧ ಗಂಟೆ ಕೂತು, ಆಮೇಲೆ ನಮ್ಮ ಮನೆಗೆ ಬಂದ. ಅಮ್ಮ ಕಾಫಿ ಕೊಟ್ರು. ನಾನು ಆ ರಾತ್ರಿ ಮಾತು ತೆಗೆಯೋಕೆ ನೋಡಿದೆ. "ಬಿಡೋ, ನಿಂಗೆ ರಿಲೀಸ್ ಇತ್ತು" ಅಂದ. ಅವನಿಗೆ ನೆನಪಿತ್ತು. ಎದುರುಮನೆಯ ಇನ್ನೊಂದು ಬೀಗದ ಕೈ ಆವತ್ತಿಂದ ನಮ್ಮ ಮನೆ ಮೊಳೆಯಲ್ಲಿದೆ.

ಆ ಹಿರಿಯರಿಬ್ಬರು ಭಾನುವಾರ ಭಾನುವಾರ ಅದೇ ದರ್ಶಿನಿಗೆ ಬರ್ತಾರೆ. ಮತ್ತೆ ಸಿಕ್ಕಿದಾಗ ವೀಸಾ, ಸ್ಟಾಂಪು ಅಂತೆಲ್ಲ ವಿವರಿಸೋಕೆ ಹೋಗಲ್ಲ. ಮಗ ಒಂಬತ್ತು ಸಾವಿರ ಮೈಲಿ ದೂರ ಇದ್ದ, ಬರೋಕೆ ಆಗ್ಲಿಲ್ಲ, ನಾನು ಎದುರುಮನೆಯಲ್ಲೇ ಇದ್ದೆ, ನಾನೂ ಹೋಗ್ಲಿಲ್ಲ ಅಂತ ಮಾತ್ರ ಹೇಳ್ತೀನಿ.