ಸಿಗರೇಟು ಕಂಡಿತು, ಹುಡುಗ ಕಾಣಲಿಲ್ಲ

ಬಸವಕಲ್ಯಾಣದಿಂದ ಹುಮನಾಬಾದ್‌ಗೆ ದಿನಾ ಕಾಲೇಜಿಗೆ ಓಡಾಡುತ್ತೇನೆ. ಒಂದು ಸಂಜೆ ಪಾನ್‌ಶಾಪ್‌ ಹಿಂದೆ ನಮ್ಮ ಓಣಿಯ ಹುಡುಗ ಸಿಗರೇಟು ಸೇದುತ್ತಿದ್ದ. ಓದುವುದು ಹತ್ತನೇ ತರಗತಿ. ಬೈಯಲು ಹೋದೆ. ‘ಅಪ್ಪ ಹೋದಾಗಿಂದ ರಾತ್ರಿ ನಿದ್ದಿನೇ ಬರಲ್ಲಣ್ಣ. ಇದು ಸೇದಿದ್ರ ತಲಿ ಹಗುರ ಆಗ್ತದ’ ಎಂದ. ಹೆದ್ದಾರಿ 65ರಲ್ಲಿ ಅವನಪ್ಪ ಅಪಘಾತದಲ್ಲಿ ತೀರಿಕೊಂಡಾಗ ಬೈಕಿನ ಹಿಂದೆ ಕೂತಿದ್ದವನು ಇವನೇ.

ವಿಷಯ ಗೊತ್ತಾದಾಗ ಶಾಲೆಯವರು ತಾಯಿಯನ್ನು ಕರೆಸಿ, ಅವನನ್ನು ಒಂದು ವಾರ ಮನೆಗೆ ಕಳಿಸಿದರು. ನಿದ್ದೆಯ ಬಗ್ಗೆ ಯಾರೂ ಕೇಳಲಿಲ್ಲ.

ಅಮೆರಿಕದಲ್ಲಿ ಸಾವಿರಾರು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿ ನಡೆಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಹೊಡೆತ, ಲೈಂಗಿಕ ಕಿರುಕುಳ, ಮನೆಯಲ್ಲಿ ಕುಡಿತ, ತಾಯಿಯ ಮೇಲೆ ಹಲ್ಲೆ, ಇಂಥ ಐದು ಅಥವಾ ಹೆಚ್ಚು ಬಗೆಯ ನೋವು ಕಂಡವರು 14ರೊಳಗೇ ಸಿಗರೇಟು ಹಿಡಿದಿರುವ ಸಂಭವ, ಯಾವುದನ್ನೂ ಕಾಣದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಅಪಘಾತ ಆ ಪಟ್ಟಿಯಲ್ಲಿಲ್ಲ, ನಿಜ. ಆದರೆ ಹುಡುಗ ಹೇಳಿದ ಕಾರಣ ಅದೇ ಜಾತಿಯದು.

ಅವನ ಮಾತು ಅರ್ಧ ಸತ್ಯ. ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ, ಹಗುರ ಎನಿಸುತ್ತದೆ. ಅಮಲು ಇಳಿದಾಗ ಸಿಡುಕು, ಚಡಪಡಿಕೆ. ಅದನ್ನು ಅವನು ಅಪ್ಪನ ನೆನಪಿನ ಸಂಕಟ ಎಂದುಕೊಂಡು ಇನ್ನೊಂದು ಹಚ್ಚುತ್ತಾನೆ. ಎರಡೂ ಬೆರೆತ ಮೇಲೆ ಬಿಡಿಸುವುದು ಕಷ್ಟ.

2025ರಲ್ಲಿ ಜಾರಿಯಾದ ರಾಜ್ಯದ ತಿದ್ದುಪಡಿ ಕಾಯ್ದೆಯ ಪ್ರಕಾರ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಪ್ಯಾಕ್ ಒಡೆದು ಒಂದೊಂದೇ ಸಿಗರೇಟು ಕೊಡುವಂತಿಲ್ಲ. ಒಳ್ಳೆಯದೇ. ಈ ಹುಡುಗನಿಗೆ ಸಿಕ್ಕಿದ್ದು ಒಂದೊಂದೇ ಎಂಬುದು ಬೇರೆ ಮಾತು. ಕಾಯ್ದೆ ಅಂಗಡಿಯವನನ್ನು ತಡೆಯಬಹುದು. ಸೇದುವವನನ್ನು ‘ಯಾಕಪ್ಪಾ?’ ಎಂದು ಕೇಳುವ ಕೆಲಸ ಶಿಕ್ಷಕರದ್ದು, ನಮ್ಮಂಥ ಅಣ್ಣಂದಿರದ್ದು. ಬೈಯಲು ಹೋದ ನಾನೂ ಮೊದಲು ಕೇಳಿರಲಿಲ್ಲ.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ತಂಬಾಕು ಬಿಡಲು 1800-11-2356 ಇದೆ. ಅವನ ತಾಯಿಗೆ ಹೇಳಿದಾಗ ‘ನನ್ನ ಮಗಗ ಹುಚ್ಚು ಹಿಡದದೇನು?’ ಎಂದು ಅತ್ತರು. ಮೂರು ವಾರ ಒಪ್ಪಲಿಲ್ಲ.

ಕೊನೆಗೆ ಫೋನು ಮಾಡಿದ್ದು ಹುಡುಗನೇ, ನನ್ನ ಮೊಬೈಲಿನಿಂದ, ನನ್ನನ್ನು ಆಚೆ ಕಳಿಸಿ. ಸಿಗರೇಟು ಪೂರ್ತಿ ಬಿಟ್ಟಿಲ್ಲ. ಕೇಳಿದರೆ ಎಷ್ಟು ಸೇದಿದೆ ಎಂದು ಹೇಳುತ್ತಾನೆ.