ಮಲೆನಾಡಿನ ಮಳೆ ಬರೀ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅಲ್ಲ

ಮಳೆಗಾಲ ಬಂತೆಂದರೆ ನಮ್ಮ ಫೋನ್ ತುಂಬಾ ಮುಳ್ಳಯ್ಯನಗಿರಿ. ಮಂಜು, ತಿರುವು ರಸ್ತೆ, ಕೈಯಲ್ಲೊಂದು ಕಾಫಿ ಲೋಟ. ಹಿಂದೆ ನಿಧಾನಕ್ಕೆ ತೇಲುವ ಗಿಟಾರ್. ಇಂಥ ‘ವಾತಾವರಣ’ದ ರಾಕ್ ಸಂಗೀತ ನನಗೂ ಇಷ್ಟ. ಆದರೆ ಅದು ಯಾರ ವಾತಾವರಣ?

ಬೆಂಗಳೂರಿನದೇ ಬ್ಯಾಂಡ್ ಪರ್ವಾಜ್ 2010ರಲ್ಲಿ ಶುರುವಾಯಿತು. 2014ರಲ್ಲಿ ಬಂದ ಅವರ ‘ಬಾರಾನ್’ ಆಲ್ಬಮ್ಮಿನ ಹೆಸರಿಗೇ ಮಳೆ ಅಂತ ಅರ್ಥ. 2019ರಲ್ಲಿ ‘ಕುನ್’ ಬಂತು. ಹಾಡಿದ್ದು ಉರ್ದು, ಕಾಶ್ಮೀರಿಯಲ್ಲಿ. ಕಾಶ್ಮೀರದ ನೆನಪು ಬೆಂಗಳೂರಿನಲ್ಲಿ ರಾಕ್ ಆಗಬಹುದಾದರೆ, ಮೂಡಿಗೆರೆ, ಕಳಸದ ಮಳೆ ಕನ್ನಡದಲ್ಲಿ ಯಾಕಾಗಬಾರದು? ಆಗಲಿ. ಆದರೆ ಬರೀ ಮಂಜು ಹಾಡಿದರೆ ಅದು ಹೋಮ್‌ಸ್ಟೇ ಜಾಹೀರಾತಾಗುತ್ತದೆ, ಅಷ್ಟೇ.

ಕಾಫಿ ಸೀಮೆಯಲ್ಲಿ ಮಳೆ ಅನ್ನೋದು ಮೂಡ್ ಅಲ್ಲ, ಲೆಕ್ಕಾಚಾರ. ಮಾರ್ಚ್, ಏಪ್ರಿಲ್‌ನ ಹೂಮಳೆ ಸರಿಯಾಗಿ ಬಿದ್ದರೆ ಗಿಡ ಹೂವಾಗುತ್ತದೆ. ಮುಂಗಾರು ಬಿಡದೆ ಸುರಿದರೆ ಕಾಯಿ ಉದುರುತ್ತದೆ. ಕೊಯ್ಲಿನ ಹೊತ್ತಿಗೆ ಬಂದರೆ ಕಣದಲ್ಲಿ ಒಣಗಲು ಹಾಕಿದ ಹಣ್ಣು ಕೊಳೆಯುತ್ತದೆ. 2019ರ ಆಗಸ್ಟ್‌ನಲ್ಲಂತೂ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು, ಜನ ಮನೆ, ತೋಟ ಎರಡನ್ನೂ ಕಳೆದುಕೊಂಡರು.

ತೋಟದ ಮಾಲೀಕನ ಲೆಕ್ಕ ಒಂದಾದರೆ ಲೈನ್‌ಮನೆಯ ಲೆಕ್ಕ ಇನ್ನೊಂದು. ಅಲ್ಲಿರೋರು ತಲೆಮಾರುಗಳಿಂದ ಕೂಲಿ ಮಾಡಿದ ದಲಿತ ಕುಟುಂಬಗಳು, ಈಚೆಗೆ ಅಸ್ಸಾಮಿನಿಂದ ಬಂದ ಕೆಲಸಗಾರರು. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯೋದು ಕರ್ನಾಟಕದಲ್ಲಿ. 2024–25ರಲ್ಲಿ ಬೆಲೆ ದಾಖಲೆ ಮುಟ್ಟಿತು. ಅದರಲ್ಲಿ ಎಷ್ಟು ಪಾಲು ಲೈನ್‌ಮನೆಯ ಸೂರಿಗೆ ಹೋಯಿತು ಅಂತ ಕೇಳೋದೇ ರಾಜಕೀಯ.

ಸೂರು ಅಂದಾಗ ಶಿಶುನಾಳ ಷರೀಫರು ನೆನಪಾಗುತ್ತಾರೆ. ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿಗೆ ತಂದರು. ನಮ್ಮ ತಲೆಮಾರಿನ ಎಷ್ಟೋ ಜನ ಷರೀಫರನ್ನು ಕೇಳಿದ್ದು ಹಾಗೇ. ಆ ಮಾಳಿಗೆ ಅಧ್ಯಾತ್ಮದ ರೂಪಕ, ಗೊತ್ತು. ಆದರೆ ಸೋರುವ ಮನೆಯಲ್ಲಿ ಬದುಕಿದವರ ನಡುವೆಯೇ ಆ ರೂಪಕ ಅರ್ಥ ಪಡೆಯಿತು. ಮಳೆಯನ್ನು ಕಿಟಕಿಯಿಂದಲ್ಲ, ಸೂರಿನ ಕೆಳಗಿಂದ ಕೇಳುವ ಕಿವಿ ಕನ್ನಡಕ್ಕೆ ಹೊಸದಲ್ಲ.

ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು. ಈ ಸಂಗೀತದ ಜೀವ ರಿವರ್ಬ್, ಅಂದರೆ ಗೋಡೆಗೆ ಬಡಿದು ವಾಪಸ್ ಬರುವ ಸದ್ದು. ರೆಸಾರ್ಟಿನ ಹಾಲ್‌ನಲ್ಲಿ ಅದು ಬೇರೆ, ಶೀಟಿನ ಸೂರಿನಡಿ ಬೇರೆ. ಕನ್ನಡದ ಬ್ಯಾಂಡುಗಳೇ, ಘಟ್ಟ ಹತ್ತಿ ಬನ್ನಿ. ಮೈಕ್ ಎಲ್ಲಿಡುತ್ತೀರಿ ಅನ್ನೋದನ್ನು ಮಾತ್ರ ಮೊದಲೇ ಯೋಚಿಸಿ.