ಹೂದಾನಿ ಮಾಡಿದವರು ಎಲ್ಲಿ ಕೂತಿದ್ದರು?

ಜನವರಿಯಲ್ಲಿ ನಮ್ಮ ಕಾಲೇಜಿನಲ್ಲಿ ಪರಂಪರೆ ದಿನ ನಡೆಯಿತಲ್ಲ, ಆ ದಿನ ಟ್ರೇ ಹಿಡಿದು ವೇದಿಕೆ ಹತ್ತಿದವಳು ನಾನೇ. ಟ್ರೇಯಲ್ಲಿ ಐದು ಶಾಲು, ಐದು ಬಿದ್ರಿ ಹೂದಾನಿ ಇದ್ದವು. ಐವರು ಅತಿಥಿಗಳಿಗೆ ಶಾಲು ಹೊದಿಸಿ, ಕೈಗೆ ಹೂದಾನಿ ಕೊಟ್ಟು ಫೋಟೊ ತೆಗೆಸಿದ್ದಾಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮರುದಿನ ಸಂಜೆ ನಮ್ಮ ಗಲ್ಲಿಯ ಚಾಚಾ ನನ್ನನ್ನು ಕರೆದು ನಿಲ್ಲಿಸಿದರು. "ಬೇಟಿ, ಪ್ರೋಗ್ರಾಮ್ ಚಲೋ ಆಯ್ತಾ? ಹೂದಾನಿ ಯಾರ್ಯಾರಿಗೆ ಕೊಟ್ರಿ?" ಎಂದು ಕೇಳಿದರು. ಅವರು ಕೇಳಿದ್ದು ನಮ್ಮ ದಖನಿಯಲ್ಲಿ, ನಾನು ಕನ್ನಡಕ್ಕೆ ತಂದಿದ್ದೇನೆ. ಆ ಐದೂ ಹೂದಾನಿಗಳನ್ನು ಮಾಡಿದ್ದು ಅವರ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಮನೆಯ ಮುಂದಿನ ಒಂದು ಕೋಣೆ. ನಾನು ಅತಿಥಿಗಳ ಹೆಸರು ಹೇಳಿದೆ. ಅವರು ಖುಷಿಯಿಂದಲೇ ತಲೆಯಾಡಿಸಿದರು. ನಿಮ್ಮನ್ನು ಯಾಕೆ ಕರೆಯಲಿಲ್ಲ ಎಂದು ನಾನೂ ಕೇಳಿಕೊಳ್ಳಲಿಲ್ಲ, ಅವರೂ ಕೇಳಲಿಲ್ಲ. ಆಮಂತ್ರಣ ಪತ್ರಿಕೆ ಬರೆದ ಸಮಿತಿಯಲ್ಲಿ ನಾನೂ ಇದ್ದೆ. ಹಾಗಾಗಿ ಈ ತಪ್ಪನ್ನು ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ಅಂದಿನ ಕಾರ್ಯಕ್ರಮ ಕೆಟ್ಟದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬಹಮನಿ ಸುಲ್ತಾನರ ದರ್ಬಾರಿನ ದೃಶ್ಯಕ್ಕೆ ಸೀಟಿ ಹೊಡೆದವರಲ್ಲಿ ನಮ್ಮ ಬೆಂಚಿನವರೇ ಮುಂದಿದ್ದರು. ರಟ್ಟಿನ ಕತ್ತಿ ಮುರಿದಾಗ ವಜೀರನೇ ನಕ್ಕುಬಿಟ್ಟ. ರಸಪ್ರಶ್ನೆಯೂ ಚೆನ್ನಾಗಿತ್ತು. ಆದರೆ ಮೂರು ಗಂಟೆಯ ಕಾರ್ಯಕ್ರಮದಲ್ಲಿ ನಾವು ತೋರಿಸಿದ ಪರಂಪರೆಯೆಲ್ಲ ಸತ್ತವರದು. ಅದನ್ನು ಇವತ್ತಿಗೂ ಕೈಯಲ್ಲಿ ಹಿಡಿದು ನಡೆಸುತ್ತಿರುವ ಬೀದರಿನ ಒಬ್ಬರೂ ವೇದಿಕೆಯ ಮೇಲಿರಲಿಲ್ಲ, ಕೆಳಗಿನ ಕುರ್ಚಿಯಲ್ಲೂ ಇರಲಿಲ್ಲ.

ಬಿದ್ರಿಯ ಬಗ್ಗೆ ನಮಗೆ ಗೊತ್ತಿರುವುದೆಷ್ಟು? ಕಪ್ಪು ಮೈ, ಬೆಳ್ಳಿ ಹೂವು, ಸರ್ಕಾರಿ ಸನ್ಮಾನದಲ್ಲಿ ಕೊಡುವ ವಸ್ತು, ಅಷ್ಟೆ. ಚಾಚಾ ಮುಂದೆ ಒಂದು ಮಧ್ಯಾಹ್ನ ಕೂತು ನೋಡಿದರೆ ವಿಜ್ಞಾನ ವಿಭಾಗದವರಿಗೂ ಕೆಲಸವಿದೆ. ಲೋಹದ ಹೆಚ್ಚಿನ ಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ. ಸುಮಾರು 16 ಪಾಲಿಗೆ ಒಂದು ಪಾಲು ಎನ್ನುತ್ತಾರೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ. ನಮ್ಮ ಕೆಮಿಸ್ಟ್ರಿ ಲ್ಯಾಬಿನ ಗಾಜಿನ ಡಬ್ಬಿಯಲ್ಲಿರುವ ಕಾಪರ್ ಸಲ್ಫೇಟಿನ ನೀಲಿ ಹರಳು ಅದೇ. ಸವರಿದ ಕೂಡಲೇ ಮೈ ಕಪ್ಪಾಗುತ್ತದೆ. ಈ ಕಪ್ಪು ನಿಲ್ಲುವುದಲ್ಲ, ಗೆರೆ ಕಾಣಲಿ ಎಂದು ಮಾಡಿಕೊಂಡದ್ದು. ಅದರ ಮೇಲೆ ಚೂಪು ಕಡ್ಡಿಯಿಂದ ಬಳ್ಳಿ, ಹೂವು ಬರೆದು, ಸಣ್ಣ ಉಳಿಯಿಂದ ಗೆರೆ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪು ಹೋಗಿ, ಬೆಳ್ಳಿ ಯಾವುದು ಸತು ಯಾವುದು ಎಂದು ಹೇಳುವುದೇ ಕಷ್ಟ.

ಕೊನೆಗೆ ಮಣ್ಣಿನ ಕೆಲಸ. ಬೀದರ್ ಕೋಟೆಯೊಳಗೆ ಎಷ್ಟೋ ವರ್ಷ ಬಿಸಿಲು ಮಳೆ ಕಾಣದ ಜಾಗದಿಂದ ತಂದ ಮಣ್ಣು. ಅದಕ್ಕೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್ ಕಲಿಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತುವಿನ ಮೈ ಕಪ್ಪಗೆ ನಿಂತುಬಿಡುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಚಾಚಾ ಆ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ ನೋಡಿ, ಇದು ನಡೆಯುತ್ತದೆ, ಇದು ನಡೆಯುವುದಿಲ್ಲ ಎಂದು ಹೇಳುತ್ತಾರೆ. ಇದನ್ನು ಯಾವ ಪುಸ್ತಕದಲ್ಲಿ ಓದೋಣ?

2023ರಲ್ಲಿ ನಮ್ಮ ಊರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಈ ಕಲೆಗಾಗಿ ಪದ್ಮಶ್ರೀ ಬಂತು. ಅದು ಇಡೀ ಬೀದರಿಗೆ ಹೆಮ್ಮೆ. ಆದರೆ ಚಾಚಾರ ಇಬ್ಬರು ಮಕ್ಕಳಲ್ಲಿ ಒಬ್ಬ ಹೈದರಾಬಾದಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ, ಇನ್ನೊಬ್ಬ ಸೌದಿಗೆ ಹೋಗಲು ಪಾಸ್‌ಪೋರ್ಟ್ ಮಾಡಿಸಿದ್ದಾನೆ. ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೆಳ್ಳಿಯ ದರ ಏರಿದಾಗಲೆಲ್ಲ ಚಾಚಾ ತಂತಿ ಕಡಿಮೆ ಹಾಕಿ ಹೂವನ್ನು ಚಿಕ್ಕದು ಮಾಡುತ್ತಾರೆ. ನಾವು ವೇದಿಕೆಯ ಮೇಲೆ ಕೊಟ್ಟ ಹೂದಾನಿಗಳ ಹೂವೂ ಚಿಕ್ಕದೇ ಇತ್ತು.

ಇನ್ನು ಸಮುದಾಯದ ಉತ್ಸವದ ಮಾತು. ಅದನ್ನು ನಾವು ಹೊಸದಾಗಿ ಹುಟ್ಟಿಸಬೇಕಾಗಿಲ್ಲ, ಊರಿಂದ ಮೂರು ನಾಲ್ಕು ಕಿಲೋಮೀಟರ್ ದೂರದ ಅಷ್ಟೂರಿನಲ್ಲಿ ವರ್ಷ ವರ್ಷವೂ ನಡೆಯುತ್ತದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನ್ ಅಹ್ಮದ್ ಶಾಹ್ ತೀರಿಕೊಂಡದ್ದು 1436ರಲ್ಲಿ. ಬರಗಾಲದಲ್ಲಿ ಅವರು ದುವಾ ಮಾಡಿದಾಗ ಮಳೆ ಬಂತು, ಅದಕ್ಕೇ ಜನ ವಲಿ ಎಂದು ಕರೆದರು ಎಂಬ ಕಥೆ ನಮ್ಮ ನಾನಿಗೂ ಗೊತ್ತು. ಅವರ ಉರುಸಿನ ದಿನವನ್ನು ಹಿಜ್ರಿ ತಿಂಗಳಿನಿಂದ ಲೆಕ್ಕ ಹಾಕುವುದಿಲ್ಲ, ಹಿಂದೂ ಪಂಚಾಂಗ ನೋಡಿ ಹೋಳಿ ಕಳೆದ ಮೇಲೆ ಮಾಡುತ್ತಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಭಕ್ತರ ಜೊತೆ ನಡೆದುಕೊಂಡು ಬರುತ್ತಾರೆ. ನಮಗೆ ವಲಿ ಆದವರು ಅವರಲ್ಲಿ ಅನೇಕರಿಗೆ ಅಲ್ಲಮಪ್ರಭು. ಗುಂಬಜಿನೊಳಗಿನ ಗೋಡೆಗಳ ತುಂಬ ಬಣ್ಣ ಮತ್ತು ಬಂಗಾರದ ಬರಹವಿದೆ. ಎಲ್ಲ ಕಡೆ ಹೋದಂತೆ ಅಲ್ಲೂ ನಾನು ನಾನಿಯ ಬುರ್ಖಾ ಹಿಡಿದುಕೊಂಡು ಹೋಗಿದ್ದೆ, ಆರನೇ ಕ್ಲಾಸಿನಲ್ಲಿದ್ದಾಗ. ನೆನಪಿರುವುದು ಆ ಬಣ್ಣ, ಹೊರಗೆ ತೆಂಗಿನಕಾಯಿ ಮತ್ತು ಸಕ್ಕರೆ ಅಕ್ಕಪಕ್ಕ ಇಟ್ಟು ಮಾರುತ್ತಿದ್ದ ಅಂಗಡಿಗಳು.

ನಮ್ಮ ಕ್ಲಾಸಿನಲ್ಲಿ ಕೈ ಎತ್ತಿಸಿ ಕೇಳಿದೆ. ಐವತ್ತೆರಡು ಜನರಲ್ಲಿ ಆ ಉರುಸು ನೋಡಿದವರು ನಾಲ್ವರು. ಬೀದರ್ ಉತ್ಸವದಲ್ಲಿ ಸಿನಿಮಾ ಹಾಡುಗಾರರನ್ನು ನೋಡಿದವರು ಎಷ್ಟು ಎಂದು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಉರುಸಿಗೆ ಹೋಗುವುದು ಸರಿಯೋ ಅಲ್ಲವೋ ಎಂಬುದರಲ್ಲಿ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದು ಬೇಡ. ನಮ್ಮ ಮನೆಯಲ್ಲಿ ಅಬ್ಬಾ ಹೋಗುವುದಿಲ್ಲ, ನಾನಿ ತಪ್ಪಿಸುವುದಿಲ್ಲ, ಇಬ್ಬರೂ ಒಂದೇ ದಸ್ತರಖಾನಿನ ಮೇಲೆ ಊಟ ಮಾಡುತ್ತಾರೆ. ನಾನು ಯಾರನ್ನೂ ಚಾದರ ಹೊದಿಸಲು ಕರೆಯುತ್ತಿಲ್ಲ. ದೂರದಿಂದ ಬಿಸಿಲಲ್ಲಿ ನಡೆದು ಬಂದವರಿಗೆ ನೀರು ಕೊಡಬಹುದು. ಅವರಲ್ಲಿ ಹಿರಿಯರನ್ನು ಮಾತಾಡಿಸಿ, ಎಷ್ಟು ವರ್ಷದಿಂದ ಬರುತ್ತೀರಿ, ಯಾಕೆ ಬರುತ್ತೀರಿ ಎಂದು ಬರೆದುಕೊಳ್ಳಬಹುದು. ಇದಕ್ಕೆ ಯಾವ ಮನೆಯವರೂ ಬೇಡ ಎನ್ನಲಾರರು ಎಂದುಕೊಂಡಿದ್ದೇನೆ. ಎಂದರೆ, ಅಂಥವರು ಹೊರಗಿನ ಕೆಲಸ ನೋಡಿಕೊಳ್ಳಲಿ. ದ್ವಿತೀಯ ಪಿಯುಸಿಯವರಿಗೆ ಪರೀಕ್ಷೆಯ ನೆಪವಿದೆ, ನಿಜ. ಪ್ರಥಮ ಪಿಯುಸಿಯವರಿಗೆ ಆ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಅವರು ಹೋಗಲಿ.

ಖರ್ಚಿನ ಮಾತನ್ನು ಕೆಲವು ಗೆಳತಿಯರು ತೆಗೆದರು. ಜನವರಿಯ ಕಾರ್ಯಕ್ರಮದ ಧ್ವನಿವರ್ಧಕ ಮತ್ತು ಪೆಂಡಾಲಿಗೆ ಹೋದ ಹಣದಲ್ಲಿ ಸ್ವಲ್ಪ ಸಾಕು. ಪೆಂಡಾಲು ಚಿಕ್ಕದಾದರೆ ಪರಂಪರೆಗೆ ನಷ್ಟವಿಲ್ಲ.

ಮುಂದಿನ ಪರಂಪರೆ ದಿನಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಐವರು ಅತಿಥಿಗಳಲ್ಲಿ ಒಬ್ಬರಾದರೂ ಕೈಕೆಲಸದವರಿರಲಿ. ಕಾಣಿಕೆಯ ಡಬ್ಬಿಯೊಳಗೆ ಮಾಡಿದವರ ಹೆಸರು, ಎಷ್ಟು ದಿನದ ಕೆಲಸ ಎಂಬ ಚೀಟಿ ಇರಲಿ. ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದರಸಾವನ್ನು ಸ್ಲೈಡಿನಲ್ಲಿ ತೋರಿಸುವ ಬದಲು ಕರೆದುಕೊಂಡು ಹೋಗಲಿ. ಆಟೋದಲ್ಲಿ ಹೋಗಿಬರುವ ದೂರ. ಉಳಿದಿರುವ ಒಂದೇ ಮಿನಾರಿನ ಕೆಳಗೆ ನಿಂತು ಮಿಕ್ಕ ಭಾಗ ಹೇಗೆ ಬಿತ್ತು ಎಂದು ಕೇಳಿದರೆ ಇತಿಹಾಸದ ಮೇಡಂ ಹೇಳುತ್ತಾರೆ. ಕೇಳುವುದನ್ನಂತೂ ಅವರು ನಮಗೆ ಕಲಿಸಿದ್ದಾರೆ.

ಚಾಚಾರನ್ನು ಆಗಲೇ ಕೇಳಿದ್ದೇನೆ. ವೇದಿಕೆಯ ಮೇಲೆ ಮಾತಾಡಲು ತಮಗೆ ಬರುವುದಿಲ್ಲ, ಬೇಕಾದರೆ ಕೂತು ಕೆಲಸ ಮಾಡಿ ತೋರಿಸುತ್ತೇನೆ ಎಂದರು. ಅವರಿಗೆ ಬೇಕಾದದ್ದು ಒಂದು ಕಲ್ಲು, ಕೂರಲು ಗೋಣಿಚೀಲ, ಬೆಳಕು ಬರುವ ಜಾಗ. ನಮ್ಮ ಗ್ರಂಥಾಲಯದ ಪಕ್ಕದ ವರಾಂಡದಲ್ಲಿ ಬೆಳಗ್ಗೆ ಹತ್ತರಿಂದ ಒಂದರವರೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಕಲ್ಲು, ಗೋಣಿಚೀಲ ನಾನು ತರುತ್ತೇನೆ.